ಮೂಗು ಹಿಡಿಯುವ ಕೈ

ನನಗೊಂದು ಚಟವಿದೆ. ನಾಲ್ಕು ಜನರ ನಡುವೆ ಯಾರಾದರೂ ಪ್ರಶ್ನೆ ಕೇಳಿದಾಗ, ಅದರ ಉತ್ತರ ನನಗೆ ಗೊತ್ತಿದ್ದರೆ, ನನ್ನ ಎಡಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಕೂಡಿಕೊಳ್ಳುತ್ತವೆ. ಏನನ್ನೋ ಚಿವುಟಿ ಹಿಡಿಯಲು ಹೊರಟವರ ಹಾಗೆ. ಬಾಯಿ ಬಿಡುವ ಮೊದಲೇ ಬೆರಳು ತಯಾರು. ಒಮ್ಮೆ ಬಸವನ ಬಾಗೇವಾಡಿಯಲ್ಲಿ ಮದುವೆಯ ಹಂದರದ ಕೆಳಗೆ ಕೂತಿದ್ದೆ. ಮುದ್ದೇಬಿಹಾಳದ ಬಸ್ಸು ಎಷ್ಟು ಹೊತ್ತಿಗೆ ಅಂತ ಯಾರೋ ಕೇಳಿದರು. ನನಗೆ ಗೊತ್ತಿತ್ತು; ಬೆರಳು ಕೂಡಿದವು. ಪಕ್ಕದಲ್ಲಿದ್ದ ಮುದುಕರೊಬ್ಬರು ಅದನ್ನು ನೋಡಿ, ಈ ಹೆಣ್ಣುಮಗಳಿಗೂ ತಮ್ಮ ಹಾಗೆ ನಶ್ಯದ ಅಭ್ಯಾಸ ಇರಬೇಕು, ಪಾಪ ಡಬ್ಬಿ ಮರೆತು ಬಂದಾಳೆ ಅಂದುಕೊಂಡು, ಸೊಂಟದಿಂದ ತಮ್ಮ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ನೀವು ನಗುತ್ತೀರಿ. ನಗ್ರಿ. ನಾನೂ ಅವತ್ತು ನಕ್ಕಿದ್ದೆ.

ನಮ್ಮ ಕಡೆಯ ಹಳೆಯ ಸಾಲಿಗಳಲ್ಲಿ ಕಲಿತವರಿಗೆ ಈ ಬೆರಳಿನ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಮಾಸ್ತರರು ಪ್ರಶ್ನೆ ಕೇಳುತ್ತಿದ್ದರು. ಬರದವರು ಎದ್ದು ನಿಂತು ನಿಂತೇ ಇರಬೇಕು. ಯಾರು ಸರಿಯಾಗಿ ಹೇಳಿದರೋ ಅವರು, ನಿಂತವರ ಮುಂದೆ ಒಬ್ಬೊಬ್ಬರಂತೆ ಹಾಯ್ದು, ಎಡಗೈಯಿಂದ ಮೂಗು ಹಿಡಿದು ಬಲಗೈಯಿಂದ ಕಪಾಳಕ್ಕೆ ಒಂದೊಂದು ಬಿಡಬೇಕು. ಮೂಗು ಹಿಡಿಯುವುದು ಯಾಕೆಂದರೆ, ಮುಖ ಆ ಕಡೆ ತಿರುಗಬಾರದು. ಸಪ್ಪಳ ಬರಬೇಕು. ಬರದಿದ್ದರೆ ಹೇಗೆ ಬರಿಸಬೇಕೆಂದು ಮಾಸ್ತರರು ಹೊಡೆದವರ ಕಪಾಳದ ಮೇಲೆಯೇ ಮಾಡಿ ತೋರಿಸುತ್ತಿದ್ದರು. ಹೀಗೆ ಅವರ ಕೈಗೆ ಹೆಚ್ಚು ತ್ರಾಸಿಲ್ಲದೆ ಇಡೀ ವರ್ಗಕ್ಕೆ ವಿದ್ಯೆ ಹತ್ತುತ್ತಿತ್ತು. ಅವರೇನು ಕೆಟ್ಟವರಲ್ಲ. ಅವರೂ ತಮ್ಮ ಸಾಲಿಯಲ್ಲಿ ಹಾಗೆಯೇ ಕಲಿತು ಬಂದವರು.

ಈಚೆಗೆ ಮೊಮ್ಮಗಳ ಶಾಲೆಯವರು ಹಿರಿಯರನ್ನೆಲ್ಲ ಕರೆಸಿ ಒಂದು ಉಪನ್ಯಾಸ ಇಟ್ಟಿದ್ದರು. ವಯಸ್ಸಿಗೆ ಮೀರಿದ ಬುದ್ಧಿಯ ಮಕ್ಕಳನ್ನು ಹೇಗೆ ಬೆಳೆಸಬೇಕು, ಅವರ ಮನಸ್ಸು ಹೇಗೆ ಕಾಯಬೇಕು ಅಂತ. ಮಾತಾಡಿದಾಕೆ ಸಣ್ಣ ವಯಸ್ಸಿನ ಹುಡುಗಿ, ಚೆಂದ ಮಾತಾಡಿದಳು. ಅಂಥ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಯಾವುದರದು ಎಂದು ಕೇಳಿದಳು. ಪರೀಕ್ಷೆ ಅಂದರು ಕೆಲವರು, ಸೋಲು ಅಂದರು ಕೆಲವರು, ಮನೆಯವರ ಆಸೆ ಅಂದರೊಬ್ಬರು. ಉತ್ತರ ನನಗೆ ಗೊತ್ತಿತ್ತು. ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತೆ.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮಪ್ಪ ಸಾಯುವ ತನಕ ಹೆಬ್ಬೆಟ್ಟು ಒತ್ತಿದ. ಅವ್ವನ ಹೆಬ್ಬೆಟ್ಟಿಗೆ ಆ ಯೋಗವೂ ಬರಲಿಲ್ಲ. ಅಂಥ ಮನೆಯಿಂದ ಬಿ.ಎ. ಆದವಳು. ಪುಕ್ಕಟೆ ಆಗಲಿಲ್ಲ. ಇನ್ನೊಬ್ಬರು ಕೊಟ್ಟದ್ದೂ ಅದರಲ್ಲಿದೆ. ಏನು ಕೊಟ್ಟರು, ಯಾಕೆ ಕೊಟ್ಟರು ಎಂಬುದನ್ನು ನಾನು ಬಹಳ ವರ್ಷ ತಪ್ಪು ತಿಳಿದಿದ್ದೆ.

ನಮ್ಮದು ಸಿಂದಗಿ ತಾಲೂಕು. ಯಂಕಂಚಿಯ ಕಡೆಯಿಂದ ಎರಿಹೊಲದ ದಾರಿ ಹಿಡಿದು ನಡೆದರೆ ಸಿಗುವ ಸಣ್ಣ ಹಳ್ಳಿ. ಮಳೆ ಬಂದರೆ ಆ ಕರಿಮಣ್ಣು ಕಾಲಿಗೆ ಹತ್ತಿ ಹತ್ತಿ ಒಂದೊಂದು ಪಾದವೂ ಆನೆಯ ಪಾದವಾಗುತ್ತಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಾಲಿ ಗುಡಿಯ ಪೌಳಿಯಲ್ಲಿ. ನನ್ನ ಅಣ್ಣ ಸಿದ್ದಪ್ಪ, ನಾನು ಕರೆಯುವುದು ಸಿದ್ದಣ್ಣ, ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋಗುವ ದಿನ ನನ್ನನ್ನು ಅವನ ಕೊರಳಿಗೆ ಕಟ್ಟುತ್ತಿದ್ದಳು. ಅವನು ಹಳ್ಳ ಬಂದಲ್ಲಿ ನನ್ನನ್ನು ಬೆನ್ನಿಗೆ ಏರಿಸಿಕೊಂಡು, ದಡ ಬಂದಲ್ಲಿ ಇಳಿಸಿ, ಸಾಲಿಯಲ್ಲಿ ತನ್ನ ಪಕ್ಕ ಕೂಡಿಸಿಕೊಳ್ಳುತ್ತಿದ್ದ. ನಾನು ಅಳದೆ ಇರಲಿ ಎಂದು ಜೋಳದ ದಂಟಿನಲ್ಲಿ ಬಂಡಿ ಮಾಡಿ ಕೊಡುತ್ತಿದ್ದ. ನೊಗ, ಗಾಲಿ, ಎತ್ತು ಎಲ್ಲ ದಂಟಿನವೇ. ಆ ಬಂಡಿ ಹೊಡೆಯುತ್ತ ಹೊಡೆಯುತ್ತ ನನ್ನ ಕಿವಿಗೆ ಮಗ್ಗಿ ಬಿದ್ದವು. ಅವನು ತಡವರಿಸಿದ ಕಡೆ ನಾನು ಬಂಡಿ ನಿಲ್ಲಿಸದೆ ಮುಂದಿನದನ್ನು ಹೇಳಿಬಿಡುತ್ತಿದ್ದೆ. ಮಾಸ್ತರರು ಮೊದಲು ನಕ್ಕರು, ಆಮೇಲೆ ನನ್ನನ್ನು ಮುಂದೆ ಕರೆದು ಒಂದೂವರೆಯ ಮಗ್ಗಿ ಕೇಳಿದರು. ಹೇಳಿದೆ. ಹೀಗೆ ನಾನು ಒಂದನೇ ಇಯತ್ತೆಯಲ್ಲಿ ಹೆಸರು ಹಚ್ಚಿಸಿ, ಎರಡನೆಯದರ ನೆಲ ಮುಟ್ಟದೆ, ಏಕದಂ ಮೂರನೆಯದಕ್ಕೆ ಹೋಗಿ ಅಣ್ಣನ ವರ್ಗದಲ್ಲಿ ಕೂತೆ. ಅದಕ್ಕೆ ಆಗ ಡಬಲ್ ಪ್ರಮೋಷನ್ ಅನ್ನುತ್ತಿದ್ದರು. ಊರಿಗೇ ಅದು ಹಬ್ಬದಂಥ ಸುದ್ದಿ.

ಅಪ್ಪನ ಸಂತೋಷ ಕೇಳಬೇಡಿ. ಸಿಂದಗಿ ಸಂತೆಗೆ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುವುದು, ಪರಿಚಯದ ಅಂಗಡಿಯವರ ಮುಂದೆ ಚೀಲದ ಮೇಲೆ ನಿಲ್ಲಿಸುವುದು, ಏನು ಬೇಕಾದರೂ ಕೇಳ್ರಿ ಅನ್ನುವುದು. ಅವರು ಸೇರು, ಅರ್ಧ ಸೇರು ಅಂತ ಬಾಯಿಲೆಕ್ಕ ಹಾಕಿ ಕೇಳುವರು, ನಾನು ಹೇಳುವೆ, ಅವರು ಗಲ್ಲ ಹಿಂಡಿ ಒಂದು ಬೆಲ್ಲದ ಹೆಂಟೆ ಕೊಡುವರು. ಸಿದ್ದಣ್ಣ ತಲೆಯ ಮೇಲೆ ಉಳ್ಳಾಗಡ್ಡಿಯ ಚೀಲ ಹೊತ್ತು ಹಿಂದೆ ನಿಂತಿರುವನು. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬೆಲ್ಲದಲ್ಲಿ ಅರ್ಧ ಕಡಿದು ಅವನಿಗೆ ಕೊಡಹೋದರೆ, ಲೆಕ್ಕ ಹೇಳಿದವಳು ನೀನು, ನೀನೇ ತಿನ್ನು ಅನ್ನುವನು. ಸಿಟ್ಟಿನಿಂದಲ್ಲ. ಸರಿಯಾದ ಮಾತನ್ನು ಹೇಳುವವರ ಹಾಗೆ ಹೇಳುವನು. ನಾನು ತಿಂದುಬಿಡುತ್ತಿದ್ದೆ. ಬೆಲ್ಲದ ವಿಷಯದಲ್ಲಿ ನನಗೆ ಬುದ್ಧಿ ವಯಸ್ಸಿಗೆ ತಕ್ಕಷ್ಟೇ ಇತ್ತು.

ನಾಲ್ಕನೆಯದಕ್ಕೆ ಬಂದ ಮೇಲೆ ನನ್ನ ಕೈಗೆ ಕೆಲಸ ಹೆಚ್ಚಾಯಿತು. ವರ್ಗದಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರೂ ಇದ್ದರು, ಬಿತ್ತನೆಗೆ, ಸುಗ್ಗಿಗೆ ಎಂದು ಸಾಲಿ ಬಿಟ್ಟು ಮತ್ತೆ ಮರಳಿದವರು. ಅವರ ಮೂಗು ನನಗೆ ಎಟುಕುತ್ತಿರಲಿಲ್ಲ. ಮಾಸ್ತರರು ನನಗೊಂದು ಮಣೆ ಕೊಟ್ಟರು. ಮಣೆ ಸರಿಸುವುದು, ಹತ್ತುವುದು, ಮೂಗು ಹಿಡಿಯುವುದು, ಹೊಡೆಯುವುದು, ಇಳಿಯುವುದು. ಮತ್ತೆ ಮಣೆ ಸರಿಸುವುದು. ಹೊರಗಿನಿಂದ ನೋಡಿದವರಿಗೆ ಗೋಡೆಗೆ ಸುಣ್ಣ ಹೊಡೆಯುವವಳ ಹಾಗೆ ಕಾಣುತ್ತಿದ್ದೆನೋ ಏನೋ. ಮೊದಮೊದಲು ಹೆಮ್ಮೆಯೇ. ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದೊಂದೇ ತಿಳಿಯತೊಡಗಿತು. ಕುಂಟಬಿಲ್ಲೆಗೆ ಹೋದರೆ ಹುಡುಗಿಯರು ಆಟ ಮುಗಿಯಿತು ಅನ್ನುವರು. ಆಣಿಕಲ್ಲಿನ ಆಟಕ್ಕೆ ಕೂಡಿಸಿಕೊಂಡರೆ ಬೇಕಂತಲೇ ಸೋತು ಬೇಗ ಮುಗಿಸುವರು. ಹುಡುಗರು ನನಗೆ ಕಪಾಳವ್ವ ಎಂದು ಹೆಸರಿಟ್ಟರು. ನನ್ನ ನಿಜವಾದ ಹೆಸರು ಕಾಶಿಬಾಯಿ. ಊರಲ್ಲಿ ಅದನ್ನು ನೆನಪಿಟ್ಟವರು ನಮ್ಮ ಮನೆಯವರು ಮಾತ್ರ.

ಸಿದ್ದಣ್ಣನೂ ಆ ಸಾಲಿನಲ್ಲಿ ನಿಲ್ಲುತ್ತಿದ್ದ. ನಡುವಿನಲ್ಲೆಲ್ಲೋ. ನಾನು ಅವನ ಮುಂದೆ ಬಂದರೆ, ಮಣೆ ಸರಿಸುವ ತ್ರಾಸು ಉಳಿಯಲಿ ಎಂದು ತಾನೇ ಬಗ್ಗಿ ಮೂಗು ಮುಂದೆ ಮಾಡುತ್ತಿದ್ದ.

ಇದು ಅವ್ವನಿಗೆ ಗೊತ್ತಾದ ದಿನ ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು. ಸಾಲಿಯ ಕಾಯಿದೆ ಆಕೆಗೆ ಗೊತ್ತಿಲ್ಲ, ಮಾಸ್ತರರ ಮಾತಿಗೆ ಎದುರಾಡುವ ಧೈರ್ಯವೂ ಇಲ್ಲ. ಆದರೆ ಹಿರಿಯನ ಮುಖದ ಮೇಲೆ ಕಿರಿಯಳು ಕೈ ಮಾಡುವುದು ನಮ್ಮ ಮನೆಯಲ್ಲಿ ಪಾಪ. ಎರಡನ್ನೂ ಕೂಡಿಸಿ ಆಕೆ ಒಂದು ಹಾದಿ ಹುಡುಕಿದಳು. ಸಾಲಿಯಲ್ಲಿ ಮಾಸ್ತರರು ಹೇಳಿದಂತೆ ಹೊಡಿ. ಮನೆಗೆ ಬಂದ ಕೂಡಲೆ ಅಣ್ಣನ ಕಾಲಿಗೆ ಬೀಳು. ಅಂದಿನಿಂದ ಅದು ದಿನದ ಪೂಜೆಯಾಯಿತು. ಪಾಟಿ ಚೀಲ ಗೂಟಕ್ಕೆ ಹಾಕಿ ನಾನು ಅವನ ಕಾಲಿಗೆ ಬೀಳುವೆ. ಸಿದ್ದಣ್ಣ ಸ್ವಾಮಿಗಳ ಹಾಗೆ ಕೈ ಎತ್ತಿ, "ನೂರು ವರ್ಷ ಬಾಳವ್ವ, ನಾಳೆ ಸ್ವಲ್ಪ ಸಾವಕಾಶ ಹೊಡಿ," ಅನ್ನುವನು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುವಳು. ನಾವೂ ನಗುವೆವು. ಆ ನಗು ಇರುವ ತನಕ ಯಾವುದೂ ಕೆಟ್ಟಿರಲಿಲ್ಲ ಎಂದು ಈಗ ಅನಿಸುತ್ತದೆ.

ಒಂದು ದಿನ ನನ್ನ ಉಗುರು ಅವನ ಮೂಗಿಗೆ ತಾಗಿ ಗೀರು ಬಿತ್ತು. ಸಾಲಿ ಬಿಟ್ಟ ಮೇಲೆ ಹಳ್ಳದ ದಂಡೆಯಲ್ಲಿ ಹುಡುಗರು ಅವನನ್ನು ಸುತ್ತುಗಟ್ಟಿದರು. ಅವರ ಮುಂದಾಳು ಭೀಮಣ್ಣ, ವರ್ಗದಲ್ಲಿ ನನ್ನ ನಂತರದ ಜಾಣ. ತಂಗಿ ಹಾಲು ಕುಡಿಯೋ ಬಾಯಿಲೆ ಮಗ್ಗಿ ಹೇಳ್ತಾಳ, ಅಣ್ಣ ಮೂಗಿನಾಗ ನತ್ತು ಹಾಕ್ಕೊಂಡು ನಿಂದರ್ತಾನ, ಗೀರು ಅಲ್ಲೋ ಅದು ನತ್ತಿನ ತೂತು ಅಂತ ಭೀಮಣ್ಣ ಹೇಳಿದ. ಎಲ್ಲರೂ ನಕ್ಕರು. ಸಿದ್ದಣ್ಣನೂ ನಕ್ಕ. ಆದರೆ ಮನೆಗೆ ಬಂದು ನಾನು ಬಗ್ಗಿದಾಗ ಅವನು ಕಾಲು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ ಬಿಡು," ಅಂದ. ಅವ್ವ ಗೀರಿಗೆ ಅರಿಷಿಣ ಹಚ್ಚಿದಳು.

ಎಂಟು ವರ್ಷದ ಹುಡುಗಿಗೆ ಆ ರಾತ್ರಿ ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯಲಾರೆ, ನಿದ್ದೆ ಬಂತು. ಬೆಳಗಾಗುವಷ್ಟರಲ್ಲಿ ಒಂದು ವಿಚಾರವೂ ಬಂದಿತ್ತು. ಮಾಸ್ತರರು ಪ್ರಶ್ನೆ ಕೇಳಿದರು. ಒಬ್ಬೊಬ್ಬರೇ ನಿಂತರು, ಸಿದ್ದಣ್ಣ ನಿಂತ. ನನ್ನ ಪಾಳಿ ಬಂತು. ಎದ್ದು ನಿಂತು, ಗೊತ್ತಿಲ್ಲರಿ ಅಂದೆ. ಮಾಸ್ತರರಿಗೆ ಕಿವಿ ಸರಿಯಾಗಿ ಕೇಳಲಿಲ್ಲ ಅನಿಸಿರಬೇಕು, ಮತ್ತೊಮ್ಮೆ ಕೇಳಿದರು. ನಾನು ಮತ್ತೊಮ್ಮೆ ಅದನ್ನೇ ಅಂದೆ. ಅಷ್ಟು ಹಗುರವಾದ ಮಾತನ್ನು ನಾನು ಆ ತನಕ ಆಡಿರಲಿಲ್ಲ.

ಆಮೇಲೆ ಅದೊಂದು ಕಸಬೇ ಆಯಿತು. ಪ್ರಶ್ನೆ ಬಂದರೆ ನಾನು ಉತ್ತರವನ್ನು ಯೋಚಿಸುತ್ತಿರಲಿಲ್ಲ, ಸಿದ್ದಣ್ಣನ ಮುಖ ನೋಡುತ್ತಿದ್ದೆ. ಅವನಿಗೆ ಬರುತ್ತದೆ ಅನಿಸಿದರೆ ನನಗೂ ಬರುತ್ತಿತ್ತು. ಅವನಿಗೆ ಬರದಿದ್ದರೆ ನನಗೂ ಇಲ್ಲ. ದೊಡ್ಡ ದೊಡ್ಡ ಪುಢಾರಿಗಳಿಗೂ ಸಾಧಿಸದ ರಾಜಕಾರಣ ಅದು. ನನಗೆ ಬರದಿದ್ದ ಪ್ರಶ್ನೆಗೆ ಕೆಲವು ಸಲ ಭೀಮಣ್ಣ ಉತ್ತರ ಹೇಳುವನು. ಹೇಳಿ, ಅಣ್ಣತಂಗಿ ಇಬ್ಬರನ್ನೂ ಹೊಡೆಯುವನು. ನನಗೆ ಹೊಡೆಯುವಾಗ ಬಹಳ ದಿನದ ಬಾಕಿ ತೀರಿಸುವವನ ಹಾಗೆ ಹೊಡೆಯುವನು. ಉರಿಯುತ್ತಿತ್ತು. ಆದರೂ ಸಿದ್ದಣ್ಣನ ಪಕ್ಕ ನಿಂತು ಪೆಟ್ಟು ತಿನ್ನುವುದರಲ್ಲಿ ಒಂದು ಸುಖವಿತ್ತು. ನಾನು ಅವನ ಕಡೆ ನೋಡಿ ನಗಲು ಹೋದರೆ ಅವನು ಗುಡಿಯ ಕಂಬ ನೋಡುತ್ತಿದ್ದ. ಅಕ್ಕಪಕ್ಕದಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟ, ಅದಕ್ಕೇ ಇರಬೇಕು ಅಂದುಕೊಂಡೆ.

ಮನೆಯಲ್ಲಿ ಗಾಬರಿ ಎದ್ದಿತು. ಮಾಸ್ತರರು ಅಪ್ಪನನ್ನು ಕರೆಸಿ, ಹುಡುಗಿಯ ಬುದ್ಧಿ ಇಳಿದುಹೋಗೇತಿ ಅಂದರಂತೆ. ಸಂತೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನಂಜುಗಣ್ಣು ತಾಗಿಸಿದಿ ಎಂದು ಅವ್ವ ಅಪ್ಪನನ್ನು ಬೈದಳು. ಉಪ್ಪು, ಮೆಣಸಿನಕಾಯಿ, ಕಸಬರಿಗೆ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರದಿದ್ದುದಕ್ಕೆ ದೃಷ್ಟಿ ಜೋರೇ ಆಗೇದ ಎಂದು ಅತ್ತಳು. ಅಗರಖೇಡದಿಂದ ಸೋದರಮಾವ ಬಂದವನು ಎಲ್ಲಿಂದಲೋ ತಂದ ತಾಯಿತ ನನ್ನ ರಟ್ಟೆಗೆ ಕಟ್ಟಿದ. ಕನ್ನೊಳ್ಳಿಯ ಅತ್ತೆ ಬಂದು, ಹೆಣ್ಣುಹುಡುಗಿಗೆ ಇಷ್ಟು ದಿನ ಇದ್ದದ್ದೇ ದೊಡ್ಡದು, ಹೋದರೆ ಹೋಯಿತು ಬಿಡ್ರಿ ಎಂದು ಸಮಾಧಾನ ಹೇಳಿ ಹೋದಳು. ಇಷ್ಟೆಲ್ಲ ಮಂದಿಯಲ್ಲಿ ಒಬ್ಬರಾದರೂ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಏನಾಯಿತವ್ವ ಎಂದು ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅಷ್ಟು ಗಟ್ಟಿಯವಳೇನಲ್ಲ ನಾನು. ಕೇಳಲಿಲ್ಲ. ಸಿದ್ದಣ್ಣನನ್ನೂ ಯಾರೂ ಕೇಳಲಿಲ್ಲ. ಅವನ ಬುದ್ಧಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಥವರ ಚಿಂತೆ ಯಾವ ಮನೆಯಲ್ಲೂ ಇರುವುದಿಲ್ಲ.

ಕಡೆಗೆ ಮಾಸ್ತರರು ಒಂದು ಸಂಜೆ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೇಳಿದರು: ಡಬಲ್ ಪ್ರಮೋಷನ್ ಕೊಟ್ಟದ್ದು ತಮ್ಮ ತಪ್ಪು, ಸಾಹೇಬರು ತಪಾಸಣೆಗೆ ಬರುವ ಮೊದಲು ಆಕೆಯನ್ನು ಎರಡನೆಯದಕ್ಕೆ ಇಳಿಸುತ್ತೇನೆ, ಮತ್ತೆ ಮೊದಲಿನಿಂದ ಕಲಿಯಲಿ. ಇಳಿದ ಮೇಲೆ ಸಾಲಿ ಯಾಕೆ, ಆಕಿ ಅವ್ವನ ಕೂಡ ಹೊಲಕ್ಕೆ ಹೋಗಲಿ ಅಂದ ಅಪ್ಪ. ಊರೆಲ್ಲ ಹೊಗಳಿಸಿಕೊಂಡ ಮಗಳನ್ನು ಸಣ್ಣ ಹುಡುಗರ ನಡುವೆ ಕೂಡಿಸಿ ನೋಡುವುದು ಅವನಿಂದ ಆಗುತ್ತಿರಲಿಲ್ಲ. ನಾನು ಒಳಗೆ ಬಾಗಿಲ ಹಿಂದೆ ನಿಂತು ಕೇಳಿದೆ. ಸಿದ್ದಣ್ಣ ದನ ಕಟ್ಟುವ ದಂದಕ್ಕಿಯಲ್ಲಿ ಎತ್ತಿಗೆ ಕಣಿಕೆ ಹಾಕುತ್ತಿದ್ದ. ಅವನೂ ಕೇಳಿದ.

ಮರುದಿನ ಬೆಳಿಗ್ಗೆ ಅವನು ಪಾಟಿ ಚೀಲ ಮುಟ್ಟಲಿಲ್ಲ. ಅಪ್ಪನ ಮುಂದೆ ನಿಂತು, "ನಾ ಸಾಲಿಗೆ ಹೋಗಂಗಿಲ್ಲ. ಆಕಿನ್ನ ಇಳಸಬ್ಯಾಡ್ರಿ. ಇನ್ನೆಂಟು ದಿನ ನೋಡ್ರಿ, ಆಕಿಗೆ ಎಲ್ಲಾ ಬರ್ತೈತಿ," ಅಂದ. ಅಪ್ಪ ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅಪ್ಪ ಬಾರುಕೋಲು ತೆಗೆದುಕೊಂಡ. ಸಿದ್ದಣ್ಣ ಬೆನ್ನು ಕೊಟ್ಟು ನಿಂತ, ಅಳಲಿಲ್ಲ. ಹೊಡೆದು ಸಾಕಾದ ಮೇಲೆ ಅಪ್ಪ ಬಾರುಕೋಲನ್ನು ಅವನ ಕೈಗೇ ಕೊಟ್ಟು, ಹಾಗಾದರೆ ಹೂಡು ನಡಿ ಅಂದ. ಹನ್ನೊಂದು ವರ್ಷದ ಹುಡುಗ ಎತ್ತು ಬಿಚ್ಚಿಕೊಂಡು ಹೊಲದ ದಾರಿ ಹಿಡಿದ. ಹಳ್ಳವನ್ನು ಅಂದು ನಾನೊಬ್ಬಳೇ ದಾಟಿದೆ.

ಅವನು ಹೇಳಿದಂತೆಯೇ ಆಯಿತು. ಎಂಟು ದಿನ ಯಾಕೆ, ಅಂದೇ ಮಾಸ್ತರರು ಕೇಳಿದ್ದಕ್ಕೆಲ್ಲ ಹೇಳಿದೆ. ಮಣೆ ಸರಿಸಿದೆ, ಹತ್ತಿದೆ, ಹೊಡೆದೆ, ಇಳಿದೆ. ಭೀಮಣ್ಣನಿಗೂ ಹೊಡೆದೆ. ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು; ಎರಡು ದಿನದಲ್ಲಿ ಹುಡುಗರು ಒತ್ತಿ ನಿಂತು ಅದೂ ಕಾಣದ ಹಾಗಾಯಿತು. ಮಗಳ ಬುದ್ಧಿ ಮರಳಿತು ಎಂದು ಅವ್ವ ಹನಮಪ್ಪನಿಗೆ ಕಾಯಿ ಒಡೆಸಿದಳು. ಅದು ತಾಯಿತದ ಮಹಿಮೆ ಎಂದು ಸೋದರಮಾವ ಹೇಳಿಕೊಂಡ. ಕೆಳಗಿಳಿಸುತ್ತೇನೆ ಎಂದು ಅಂಜಿಸಿದ್ದರ ಗುಣ ಎಂದು ಮಾಸ್ತರರು ತಿಳಿದರು. ಮುಂದೆ ಬೇರೆ ಮಕ್ಕಳ ಮೇಲೂ ಆ ಔಷಧ ಮಾಡಿದರು.

ಉಳಿದದ್ದು ನನ್ನ ಓದಿನ ಕಥೆ. ಅದನ್ನು ನಾನು ಬೇಕಾದಷ್ಟು ಕಡೆ ಹೇಳಿಕೊಂಡಿದ್ದೇನೆ, ಇಲ್ಲಿ ಬೇಡ. ಏಳನೆಯದರ ಮುಲ್ಕಿ ಪರೀಕ್ಷೆಯಲ್ಲಿ ಪಾಸಾದೆ. ಸಿಂದಗಿಯಲ್ಲಿ ಹೈಸ್ಕೂಲು, ದೂರದ ಸಂಬಂಧಿಕರ ಮನೆಯಲ್ಲಿ ಮುಸುರೆ ತಿಕ್ಕುತ್ತ. ಇಂಡಿಯಲ್ಲಿ ಕೆಲವು ದಿನ ಸಣ್ಣ ಮಕ್ಕಳಿಗೆ ಪಾಠ ಹೇಳಿದೆ. ಆಮೇಲೆ ಬಿಜಾಪುರದಲ್ಲಿ ಕಾಲೇಜು. ವಾರಕ್ಕೊಮ್ಮೆ ರೊಟ್ಟಿ ಗಂಟು, ಶೇಂಗಾ ಹಿಂಡಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುವವನು ಸಿದ್ದಣ್ಣ. ಊರಿಗೆ ಹೋದರೆ ಅವನು ಕ್ಷೇಮ ಕೇಳುವನು, ಬಸ್ಸಿಗೆ ಮುಟ್ಟಿಸುವನು. ಆದರೆ ನಗೆಚಾಟಿಕೆ ಇರಲಿಲ್ಲ. ನನ್ನನ್ನು ಅವನು ಊರಿನ ಸಾಹೇಬರ ಮಕ್ಕಳ ಜೊತೆ ಮಾತಾಡುವ ಹಾಗೆ, ನೋಡಿ ನೋಡಿ ಮಾತಾಡುತ್ತಿದ್ದ. ಇದಕ್ಕೆ ಕಾರಣ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ತಂಗಿಯ ಕೈಯ ಪೆಟ್ಟು ತಿಂದು ತಿಂದು ಅವನ ಮನಸ್ಸು ಮುರಿದಿತ್ತು. ನಾನು ಗೊತ್ತಿಲ್ಲ ಎಂದು ಅವನನ್ನು ಉಳಿಸಲು ನೋಡಿದೆ, ಆದರೆ ತಡವಾಗಿತ್ತು. ಹೀಗೆ ನನ್ನ ಲೆಕ್ಕ. ಹಾಸ್ಟೆಲ್ಲಿನಲ್ಲಿ ಒಬ್ಬಳೇ ಕೂತಾಗ ಆ ಗೊತ್ತಿಲ್ಲರಿ ಎಂಬ ಮಾತು ನೆನೆದರೆ ನನಗೊಂದು ಆಧಾರ ಸಿಗುತ್ತಿತ್ತು. ನಾನು ಬರೇ ಜಾಣೆಯಲ್ಲ, ಒಳ್ಳೆಯವಳೂ ಇದ್ದೆ ಎನ್ನಲು ನನ್ನ ಕೈಯಲ್ಲಿದ್ದ ಸಾಕ್ಷಿ ಅದೊಂದೇ.

ಎಂಬತ್ತರ ದಶಕ ನಡುವಿಗೆ ಬರುತ್ತಿದ್ದ ಕಾಲಕ್ಕೆ ಬಿ.ಎ. ಫಲಿತಾಂಶ ಬಂತು. ಊರಿಗೆ ಬಂದವಳು ಚೀಲ ಇಟ್ಟು ನೇರ ಹೊಲಕ್ಕೆ ನಡೆದೆ. ಕಡಲೆ ಕಿತ್ತಾಗಿತ್ತು, ಬದುವಿನ ಗುಂಟ ಕುಸುಬೆ ಒಣಗಿ ನಿಂತಿತ್ತು. ಸಿದ್ದಣ್ಣ ಎತ್ತು ಬಿಟ್ಟು ಕೂತಿದ್ದ. ಪಾಸಾದೆ ಅಂದೆ. ಅವನಿಗೆ ಖರೇ ಸಂತೋಷವಾಯಿತು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಮುಂದೇನು ಎಂದು ಕೇಳಿದ. ಸಾಲಿಯಲ್ಲಿ ಕಲಿಸುತ್ತೇನೆ ಅಂದೆ. ಅವನು ತಲೆಯಾಡಿಸಿದ. ಪದವಿಯ ಧೈರ್ಯ ಇರಬೇಕು, ಅಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದನ್ನು ಅಂದು ಕೇಳಿದೆ.

"ಅಣ್ಣಾ, ನಾ ಹೊಡಿತಿದ್ನಲ್ಲಾ, ಅದಕ್ಕ ಸಾಲಿ ಬಿಟ್ಟಿ, ಹೌದಿಲ್ಲೋ?"

ಅವನು ಒಂದು ಹೆಂಟೆ ಮಣ್ಣು ತೆಗೆದು ಬೆರಳಲ್ಲಿ ಪುಡಿ ಮಾಡಿದ.

"ಹೊಡೆದದ್ದಕ್ಕ ಯಾರರೇ ಸಾಲಿ ಬಿಡ್ತಾರೇನವ್ವ. ಎಲ್ಲಾರೂ ತಿಂತಿದ್ವಿ, ನಾನೂ ತಿಂತಿದ್ದೆ. ನೀ ಹೊಡೆದ ದಿನ ನನಗ ಅವತ್ತ ಬರಲಿಲ್ಲ, ಅಷ್ಟ. ನಾಳೆ ಬಂದೀತು ಅಂತ ಮರುದಿನ ಹೋಗ್ತಿದ್ದೆ. ನೀ ಗೊತ್ತಿಲ್ಲರಿ ಅಂತ ನನ್ನ ಮಗ್ಗಲದಾಗ ನಿಂತಿಯಲ್ಲಾ, ಅವತ್ತ ತಿಳೀತು. ಇವನಿಗೆ ಎಂದೂ ಬರಂಗಿಲ್ಲ ಅಂತ ನೀನೂ ಲೆಕ್ಕಾ ಹಾಕಿದ್ದಿ. ನಿನ್ನ ಲೆಕ್ಕಾ ಎಂದರೇ ತಪ್ಪತಿತ್ತೇನು?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹೊಗಳುವವರ ಹಾಗೆಯೇ ಹೇಳಿದ. ಅಷ್ಟರಲ್ಲಿ ಎತ್ತೊಂದು ಪಕ್ಕದವರ ಜೋಳಕ್ಕೆ ಬಾಯಿ ಹಾಕಿತು. ಅವನು ಎದ್ದು, ಹೋ ಹೋ ಎನ್ನುತ್ತ ಆ ಕಡೆ ನಡೆದ. ನಾನು ಬದುವಿನ ಮೇಲೆ ಕೂತೇ ಇದ್ದೆ. ಅವನು ಎತ್ತು ಹಿಡಿದು ತಂದು, ನೊಗ ಏರಿಸಿ, ಮತ್ತೆ ಹೊಡೆಯತೊಡಗಿದ. ಸಾಲು ಮುಗಿದು ತಿರುಗುವಾಗ ಒಮ್ಮೆ, ಬಿಸಲಾಗ ಕೂಡಬ್ಯಾಡ, ಮನಿಗೆ ನಡಿ ಎಂದು ಕೂಗಿ ಹೇಳಿದ.